ಆರು ಚೌಕದ ಪ್ರಿಂಟು, ಅಂಚಲ್ಲಿ ‘ಮೇ 69’: ರಾಕ್ ಗಾಯಕರ ಹಳೇ ಕ್ಯಾಂಡಿಡ್ ಫೋಟೋ ಕೂಡಿಸೋರು ಒಮ್ಮೆ ನೋಡಿ

ಚೌಕದಫೋಟೋ

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಬರೀ ಓದ್ಕೊಂಡಿದ್ದೆ, ಬರೀತಿರೋದು ಇದೇ ಮೊದಲು. ನಾನು 60–70ರ ದಶಕದ ರಾಕ್ ಗಾಯಕರ ಕ್ಯಾಂಡಿಡ್ ಫೋಟೋ ಕೂಡಿಸ್ತೀನಿ. ಸ್ಟೇಜ್ ಮೇಲಿಂದಲ್ಲ, ಸ್ಟುಡಿಯೋದಲ್ಲಿ ಲೈಟ್ ಹಾಕಿ ತೆಗೆದಿದ್ದಂತೂ ಅಲ್ವೇ ಅಲ್ಲ, ಯಾರೋ ಒಬ್ಬ ಅಭಿಮಾನಿ ತನ್ನ ಪುಟ್ಟ ಕ್ಯಾಮೆರಾದಲ್ಲಿ ರಸ್ತೆ ಬದಿಯಲ್ಲೋ ಹೋಟೆಲ್ ಬಾಗಿಲಲ್ಲೋ ತೆಗೆದು ಮನೆಗೆ ಒಯ್ದು ಡಬ್ಬಿಯಲ್ಲಿಟ್ಟು ಮರೆತಂಥವು.

ಹೋದ ವಾರ ಒಂದು ಲಕೋಟೆ ಬಂತು. ಒಳಗೆ ಆರು ಕಲರ್ ಪ್ರಿಂಟ್, ಎಲ್ಲಾ ಚೌಕ, ಮೂರೂವರೆ ಇಂಚು, ಸುತ್ತ ಬಿಳಿ ಅಂಚು (ಈಗ ಬಿಳಿ ಅಲ್ಲ, ಹಾಲಿನ ಕೆನೆ ಬಣ್ಣ). ಆರರಲ್ಲೂ ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್. ಒಂದರಲ್ಲಿ ಕೂದಲು ಪೂರ್ತಿ ಮುಖದ ಮೇಲೆ, ಒಂದರಲ್ಲಿ ಕಣ್ಣು ಮುಚ್ಚಿ ನಗ್ತಿದಾರೆ, ಇನ್ನೊಂದರಲ್ಲಿ ಬರೀ ಬೆನ್ನು. ಮಾರಿದವರು ಹೇಳಿದ್ದು “1967, ಮಾಂಟೆರೆ ಪಾಪ್ ಉತ್ಸವದ ಹೊತ್ತಿಂದು” ಅಂತ. ಆದ್ರೆ ಅಂಚಲ್ಲಿ ಸಣ್ಣಕ್ಕೆ ‘ಮೇ 69’ ಅಂತ ಅಚ್ಚಾಗಿದೆ. ಎರಡು ವರ್ಷದ ವ್ಯತ್ಯಾಸ ಹೇಗೆ ಬಂತು? ಮೋಸ ಹೋದ್ನಾ? ರಾತ್ರಿಯಿಂದ ತಲೆ ಕೊರೀತಿದೆ, ದಯವಿಟ್ಟು ಬಲ್ಲವರು ಹೇಳಿ.

ಲೂಪ್_ಹಿಡಿದವಳು

ಗಾಬರಿ ಆಗ್ಬೇಡಿ. ಅಂಚಿನ ಮೇಲಿರೋ ತಿಂಗಳು ಫೋಟೋ ತೆಗೆದ ತಿಂಗಳಲ್ಲ, ಲ್ಯಾಬಲ್ಲಿ ಪ್ರಿಂಟ್ ಹಾಕಿದ ತಿಂಗಳು. ಜನ ಒಂದು ರೋಲನ್ನ ಕ್ಯಾಮೆರಾದಲ್ಲೇ ತಿಂಗಳುಗಟ್ಟಲೆ ಇಟ್ಕೊಂಡಿರ್ತಿದ್ರು, ಹಬ್ಬಕ್ಕೆ ನಾಲ್ಕು, ಮಗುವಿನ ಹುಟ್ಟಿದಹಬ್ಬಕ್ಕೆ ಮೂರು, ಹಿಂಗೆ ತೆಗೆದು ಮುಗಿದ ಮೇಲೆ ಲ್ಯಾಬಿಗೆ ಕೊಡೋರು. ಹಳೇ ನೆಗೆಟಿವ್ ಕೊಟ್ಟು ಮತ್ತೆ ಪ್ರಿಂಟ್ ಹಾಕಿಸಿದ್ರೂ ಹೊಸ ತಿಂಗಳೇ ಬೀಳುತ್ತೆ. ಹಾಗಾಗಿ ‘ಮೇ 69’ ನಿಮಗೆ ಒಂದೇ ಒಂದು ಮಾತು ಗ್ಯಾರಂಟಿ ಕೊಡುತ್ತೆ: ಇದು ಅದಾದ ಮೇಲೆ ತೆಗೆದಿದ್ದಲ್ಲ. ಅದಕ್ಕಿಂತ ಎಷ್ಟು ಮುಂಚೆ ಅನ್ನೋದನ್ನ ಚಿತ್ರದ ಒಳಗೇ ಹುಡುಕ್ಬೇಕು.

ಚೌಕ ಅಂದ ತಕ್ಷಣ ಎಲ್ಲರೂ ಇನ್‌ಸ್ಟಾಮ್ಯಾಟಿಕ್ ಕ್ಯಾಮೆರಾ ಅಂತಾರೆ. ಕೊಡಾಕ್ ಅದನ್ನ 126 ಕಾರ್ಟ್ರಿಡ್ಜ್ (ಫಿಲ್ಮ್ ತುಂಬಿದ ಡಬ್ಬಿ) ಜೊತೆ ತಂದಿದ್ದು 1963ರಲ್ಲಿ, ಫಿಲ್ಮ್ ಲೋಡ್ ಮಾಡೋಕೆ ಬರದವರೂ ಟಪ್ ಅಂತ ಒಳಗೆ ಹಾಕಿ ಕ್ಲಿಕ್ ಮಾಡಬಹುದಿತ್ತು, ಅದಕ್ಕೇ ಅಭಿಮಾನಿಗಳ ಕೈಯಲ್ಲಿ ಅಷ್ಟೊಂದು ಇತ್ತು. ಆದ್ರೆ ಅದಕ್ಕೂ ಮುಂಚಿನ 127, 120 ಫಿಲ್ಮಿನ ಕ್ಯಾಮೆರಾಗಳೂ ಚೌಕದ ಪ್ರಿಂಟ್ ಕೊಡ್ತಿದ್ವು. ಬರೀ ಆಕಾರ ನೋಡಿ ತೀರ್ಮಾನಕ್ಕೆ ಬರಬೇಡಿ. ನೆಗೆಟಿವ್ ಬಂದಿದೆಯಾ? 126 ಆದ್ರೆ ಫ್ರೇಮಿಗೆ ಒಂದೇ ತೂತು ಇರುತ್ತೆ.

ಆರನ್ನೂ 600 ಡಿಪಿಐಗೆ ಕಮ್ಮಿ ಇಲ್ಲದಂಗೆ ಸ್ಕ್ಯಾನ್ ಮಾಡಿ, ಬೆನ್ನೂ ಸೇರಿಸಿ. ಆಮೇಲೆ ಜಾನಿಸ್‌ನ ಬಿಟ್ಟು ಬೇರೆ ಎಲ್ಲಾ ನೋಡಿ.

ಹಳೇ_ನೆಗೆಟಿವ್

ಮೇಡಂ ಹೇಳಿದ್ದು ಸರಿ. ಮೊದಲು ಒಂದು ಯುವಿ ಟಾರ್ಚ್ ಹಿಡಿದು ನೋಡಿ ಗುರುಗಳೇ, ಕತ್ತಲೆ ಕೋಣೆಯಲ್ಲಿ. ಪೇಪರ್ ನೀಲಿಯಾಗಿ ಝಗ್ ಅಂತ ಹೊಳೆದ್ರೆ ರೀಪ್ರಿಂಟ್.

ಲೂಪ್_ಹಿಡಿದವಳು

@ಹಳೇ_ನೆಗೆಟಿವ್ ಅಲ್ಲ ಸರ್, ಈ ಕೇಸಲ್ಲಿ ಅದು ಉಪಯೋಗಕ್ಕೆ ಬರಲ್ಲ. ಪೇಪರಿಗೆ ಹೊಳಪಿನ ಕೆಮಿಕಲ್ ಸೇರಿಸೋಕೆ ಶುರು ಮಾಡಿದ್ದೇ 50ರ ದಶಕದ ಮಧ್ಯದಲ್ಲಿ. ಯಾರಾದ್ರೂ 1948ರ ಪ್ರಿಂಟ್ ಅಂತ ಮಾರೋಕೆ ಬಂದು ಅದು ಹೊಳೆದ್ರೆ ಆಗ ಸುಳ್ಳು ಸಿಕ್ಕಿಬೀಳುತ್ತೆ. 1969ರ ಪೇಪರ್ ಹೊಳೆದ್ರೂ ತಪ್ಪಿಲ್ಲ, ಹೊಳೀದಿದ್ರೂ ತಪ್ಪಿಲ್ಲ.

ಇಲ್ಲಿ ಕೆಲಸಕ್ಕೆ ಬರೋದು 10 ಪಟ್ಟು ದೊಡ್ಡದು ಮಾಡೋ ಲೂಪ್. ಕೆನ್ನೆ ಭಾಗದಲ್ಲಿ ಇಟ್ಟು ನೋಡಿ. ಸಾಲು ಸಾಲಾಗಿ ಚುಕ್ಕೆ ಕಂಡ್ರೆ ಪತ್ರಿಕೆಯಿಂದ ಕತ್ತರಿಸಿದ್ದು, ಬಣ್ಣ ಚಿಮುಕಿಸಿದ ಹಾಗೆ ಕಂಡ್ರೆ ಇಂಕ್‌ಜೆಟ್. ನಿಜವಾದ ಫೋಟೋ ಪ್ರಿಂಟಲ್ಲಿ ಬಣ್ಣ ಒಂದರೊಳಗೊಂದು ಕರಗಿರುತ್ತೆ, ಹೊಗೆ ಥರ. ಬೆನ್ನಲ್ಲಿ ಫ್ಯೂಜಿ ಕ್ರಿಸ್ಟಲ್ ಆರ್ಕೈವ್ ಅಂತಿದ್ರೆ 90ರ ದಶಕದಿಂದ ಈಚೆಗಿನ ಪೇಪರ್, ಅಲ್ಲಿಗೆ ಮಾತು ಮುಗೀತು.

ಚೌಕದಫೋಟೋ

ನೋಡ್ದೆ ಮೇಡಂ. ಚುಕ್ಕೆ ಇಲ್ಲ, ನೀವಂದ ಹಾಗೇ ಹೊಗೆ ಥರಾನೇ ಇದೆ. ಬೆನ್ನಲ್ಲಿ ಕೊಡಾಕ್ ಹೆಸರು ಓರೆಯಾಗಿ ಮಸುಕಾಗಿ, ಎರಡರ ಹಿಂದೆ ನೀಲಿ ಪೆನ್ನಲ್ಲಿ ‘ಜೆ.’ ಅಂತ ಅಷ್ಟೇ. ನೆಗೆಟಿವ್ ಬಂದಿಲ್ಲ. ಹಸಿರೆಲ್ಲ ಕಂದಿದೆ, ಇಡೀ ಚಿತ್ರ ಗುಲಾಬಿಗೆ ತಿರುಗಿದೆ.

ಜಾನಿಸ್‌ನ ಬಿಟ್ಟು ನೋಡಿ ಅಂದ್ರಲ್ಲ, ನೋಡ್ತಾ ಕೂತೆ. ನಾಲ್ಕನೇ ಪ್ರಿಂಟಿನ ಎಡಗಡೆ ಕೆಳಮೂಲೆಯಲ್ಲಿ ಒಂದು ಉಬ್ಬು ಕಾಣ್ತಿದೆ, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಯಾರದೋ ಬಟ್ಟೆ ಅಂದ್ಕೊಂಡಿದ್ದೆ. ಸ್ಕ್ಯಾನಲ್ಲಿ ದೊಡ್ಡದು ಮಾಡಿದ್ರೆ ಲೋಹದ ಥರ ಬೆಳಕು ಹೊಡೀತಿದೆ, ಅದರ ಮೇಲೆ ಚಿಟ್ಟೆ ರೆಕ್ಕೆಯಂಥ ಏನೋ ಬಣ್ಣ ಬಣ್ಣದ ಚಿತ್ರ. ಅಪ್‌ಲೋಡ್ ಮಾಡಿದೀನಿ ನೋಡಿ.

ಲೂಪ್_ಹಿಡಿದವಳು

ಅಯ್ಯೋ ದೇವರೇ. ಅದು ಅವಳ ಪೋರ್ಷೆ!

ಎದೆ ಹೊಡ್ಕೋತಿದೆ ನನಗೆ, ನಿಧಾನಕ್ಕೆ ಬರೀತೀನಿ. ಜಾನಿಸ್ ಹತ್ರ 356 ಮಾಡೆಲಿನ ತೆರೆದ ಪೋರ್ಷೆ ಇತ್ತು, ಹಳೇ ಗಾಡಿ, ಅವಳು ಕೊಂಡಿದ್ದು 1968ರಲ್ಲಿ. ಕೊಂಡ ಮೇಲೆ ತಂಡದ ಜೊತೆ ಓಡಾಡ್ತಿದ್ದ ಡೇವ್ ರಿಚರ್ಡ್ಸ್ ಕೈಯಲ್ಲಿ ಗಾಡಿ ತುಂಬ ಚಿತ್ರ ಬರೆಸಿದ್ಲು, ಚಿಟ್ಟೆ, ಕಣ್ಣು, ಬೆಟ್ಟ, ಅಣಬೆ ಎಲ್ಲಾ. ಮಾಂಟೆರೆ ಉತ್ಸವ ನಡೆದಿದ್ದು 1967ರ ಜೂನ್ 16ರಿಂದ 18. ಆಗ ಈ ಬಣ್ಣದ ಗಾಡಿ ಅವಳ ಹತ್ರ ಇರ್ಲೇ ಇಲ್ಲ. ಅಂದ್ರೆ ಮಾರಿದವರು ಹೇಳಿದ ವರ್ಷ ತಪ್ಪು. ನಿಮ್ಮ ಫೋಟೋ ಒಂದು ಕಡೆ 1968ರ ಕೊನೆ, ಇನ್ನೊಂದು ಕಡೆ 1969ರ ಮೇ, ಇದರ ನಡುವೆ ಸಿಕ್ಕಿಬಿತ್ತು. ಅವಳು ಬಿಗ್ ಬ್ರದರ್ ತಂಡ ಬಿಟ್ಟು ಹೊಸ ತಂಡ ಕಟ್ತಿದ್ದ ತಿಂಗಳುಗಳು ಅವು.

ಆದ್ರೆ ಒಂದು ಎಚ್ಚರಿಕೆ. ಹೋಲಿಸಿ ನೋಡೋವಾಗ ಮ್ಯೂಸಿಯಂನಲ್ಲಿಟ್ಟಿದ್ದ ಗಾಡಿಯ ಈಚಿನ ಫೋಟೋ ಇಟ್ಕೋಬೇಡಿ. ಮಧ್ಯೆ ಆ ಚಿತ್ರ ತೆಗೆದು 90ರ ದಶಕದಲ್ಲಿ ಮತ್ತೆ ಬರೆಸಿದ್ದು, ಗೆರೆ ಗೆರೆ ಹೊಂದಲ್ಲ. ಆ ಕಾಲದ ಫೋಟೋ ಜೊತೆನೇ ಹೋಲಿಸಿ.

ಇನ್ನೊಂದು ಕೇಳ್ತೀನಿ. ಎಡಗೈ ಮಣಿಕಟ್ಟು ಕಾಣುತ್ತಾ ಯಾವುದ್ರಲ್ಲಾದ್ರೂ?

ಚೌಕದಫೋಟೋ

ಎರಡನೇದ್ರಲ್ಲಿ ಕಾಣುತ್ತೆ, ಬಳೆಗಳು ಮೊಣಕೈ ಕಡೆ ಜಾರಿವೆ. ಮಣಿಕಟ್ಟಿನ ಮೇಲೆ ಏನಿಲ್ಲ, ಖಾಲಿ.

ಲೂಪ್_ಹಿಡಿದವಳು

ಸರಿಯಾಯ್ತು. ಮಣಿಕಟ್ಟಿನ ಸುತ್ತ ಬಳೆ ಥರದ ಹಚ್ಚೆ ಅವಳು ಹಾಕಿಸ್ಕೊಂಡಿದ್ದು 1970ರಲ್ಲಿ, ಲೈಲ್ ಟಟಲ್ ಹತ್ರ. ಅದೇ ವರ್ಷ ಅಕ್ಟೋಬರ್ 4ಕ್ಕೆ ಹೋಗಿಬಿಟ್ಲು, 27 ವರ್ಷ. ಹಚ್ಚೆ ಕಾಣೋ ಫೋಟೋ ಆದ್ರೆ ಆ ಕೆಲವೇ ತಿಂಗಳಿಂದು ಅಂತ ಕಣ್ಣುಮುಚ್ಚಿ ಹೇಳಬಹುದು. ನಿಮ್ಮದರಲ್ಲಿ ಇಲ್ಲ, ‘ಮೇ 69’ಕ್ಕೆ ಕೂಡಿಬರುತ್ತೆ.

ಪ್ರೆಸ್ಸಿನ_ಪ್ರಿಂಟು

ಎಲ್ಲಾ ಓದಿದೆ. ಪತ್ತೇದಾರಿ ಭಾರಿ ಐತ್ರಿ, ಒಪ್ಕೋತೀನಿ. ಆದ್ರ ಒಂದು ಮಾತು ನೇರ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮೂಲೆಯೊಳಗ ಉಗುರಿನಷ್ಟು ಗಾಡಿ, ಮುಖದ ಮ್ಯಾಲೆ ಕೂದಲು, ಗುಲಾಬಿಗೆ ತಿರುಗಿದ ಬಣ್ಣ… ಇದನ್ನ ಕೂಡಿಸೋಕಿಂತ ಒಳ್ಳೆ ಪ್ರೆಸ್ ಪ್ರಿಂಟ್ ಒಂದು ತಗೊಂಡ್ರ ಆಗ್ತಿರಲಿಲ್ಲೇನು? ಹಿಂದ ಪತ್ರಿಕೆ ಲೈಬ್ರರಿ ಮುದ್ರೆ ಇರ್ತದ, ತೆಗೆದವರ ಮುದ್ರೆ ಇರ್ತದ, ಟೈಪ್ ಮಾಡಿದ ಚೀಟಿ ಅಂಟಿಸಿರ್ತಾರ, ಯಾರು ಎಲ್ಲಿ ಯಾವಾಗ ಅಂತ. ಮೂಲ ನೆಗೆಟಿವ್‌ನಿಂದ ಆ ಕಾಲಕ್ಕೇ ಹಾಕಿದ ಪ್ರಿಂಟು ಅಂದ್ರ ಟೈಪ್ 1, ಅದರ ಮುಂದ ಬ್ಯಾರೆ ಎಲ್ಲಾ ಆಮ್ಯಾಲೆ.

ಕ್ಯಾಂಡಿಡ್ ಅಂದ್ರ ನನಗ ಆಲ್ಫ್ರೆಡ್ ವರ್ತೈಮರ್. 1956ರೊಳಗ ಎಲ್ವಿಸ್‌ನ ಹಿಂದ ನೆರಳಿನಂಗ ಓಡಾಡಿ ಸಾವಿರಾರು ಫೋಟೋ ತಗದ್ರು, ಫ್ಲಾಶ್ ಹಾಕದ ಇದ್ದ ಬೆಳಕಿನಾಗ. ಜೂನ್ 30ಕ್ಕ ರಿಚ್ಮಂಡ್ ಥಿಯೇಟರಿನ ಮೆಟ್ಟಿಲ ಸಂದಿಯೊಳಗ ಎಲ್ವಿಸ್ ಒಬ್ಬ ಹುಡುಗಿ ಜೊತಿ ನಾಲಿಗೆ ಚಾಚಿಕೊಂಡು ನಿಂತ ಫೋಟೋ ಯಾರು ಮರಿತಾರ? ಅವರ ಒಂದು ಫ್ರೇಮಿನ ಮುಂದ ಇನ್‌ಸ್ಟಾಮ್ಯಾಟಿಕ್ ನೂರು ರೋಲ್ ಇಟ್ರೂ ತೂಗಂಗಿಲ್ಲ.

ಲೂಪ್_ಹಿಡಿದವಳು

ಅಣ್ಣಾ, ವರ್ತೈಮರ್ ಬಗ್ಗೆ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಆದ್ರೆ ಆ ಫೋಟೋದ ಹುಡುಗಿ ಯಾರು ಅಂತ ಲೋಕಕ್ಕೆ ಗೊತ್ತಾಗಿದ್ದು 2011ರಲ್ಲಿ! ಐವತ್ತೈದು ವರ್ಷ ಆ ಚಿತ್ರ ಪೋಸ್ಟರ್ ಆಯ್ತು, ಪುಸ್ತಕದಲ್ಲಿ ಬಂತು, ಆಕೆಗೆ ಹೆಸರೇ ಇರ್ಲಿಲ್ಲ. ಮುದ್ರೆ ಇದ್ದ ಮಾತ್ರಕ್ಕೆ ಎಲ್ಲಾ ಬರೆದಿಟ್ಟಿರ್ತಾರೆ ಅಂತಿಲ್ಲ. ಪತ್ರಿಕೆಯ ತಾರೀಖಿನ ಮುದ್ರೆನೂ ಅಷ್ಟೇ, ಅದು ಫೈಲಿಗೆ ಸೇರಿದ ದಿನವೋ ಅಚ್ಚಾದ ದಿನವೋ ಆಗಿರುತ್ತೆ, ಒಂದರ ಹಿಂದೆ ನಾಲ್ಕು ನಾಲ್ಕು ತಾರೀಖು ನೋಡಿದೀನಿ.

ಇನ್ನು ಫೋಕಸ್ ವಿಷಯ. ದಿ ಕ್ಲ್ಯಾಶ್ ತಂಡದ ಪಾಲ್ ಸಿಮೊನನ್ 1979ರಲ್ಲಿ ನ್ಯೂಯಾರ್ಕಿನ ಪಲ್ಲೇಡಿಯಂ ಸ್ಟೇಜಲ್ಲಿ ಬೇಸ್ ಗಿಟಾರ್ ನೆಲಕ್ಕೆ ಅಪ್ಪಳಿಸೋ ಫೋಟೋ ಇದೆಯಲ್ಲ, ಪೆನ್ನಿ ಸ್ಮಿತ್ ತೆಗೆದಿದ್ದು, ಫೋಕಸ್ ಇಲ್ಲ ಹಾಕ್ಬೇಡಿ ಅಂತ ಸ್ವತಃ ಅವರೇ ಹೇಳಿದ್ರು. ಅದೇ ಅವರ ‘ಲಂಡನ್ ಕಾಲಿಂಗ್’ ಆಲ್ಬಮ್ಮಿನ ಕವರ್ ಆಯ್ತು.

ಪ್ರೆಸ್ಸಿನವರು ಬಂದಿದಾರೆ ಅಂದ್ರೆ ಗಾಯಕನಿಗೆ ಗೊತ್ತಿರುತ್ತೆ, ಬೆನ್ನು ನೆಟ್ಟಗಾಗುತ್ತೆ. ಹದಿನಾರು ವರ್ಷದ ಹುಡುಗಿ ನಡುಗೋ ಕೈಯಲ್ಲಿ ಕ್ಯಾಮೆರಾ ಎತ್ತಿದಾಗ ಅವರ ಮುಖದಲ್ಲಿ ಬೇರೆನೇ ಏನೋ ಬರುತ್ತೆ. ನನಗೆ ಬೇಕಾಗಿರೋದು ಅದು.

ಗೇಟಿನ_ಹೊರಗೆ

ಇದಕ್ಕೆ ನನ್ನದೂ ಒಂದು ದನಿ. ನಾನು ಇಪ್ಪತ್ತು ವರ್ಷದಿಂದ ಬರೀ ಅಭಿಮಾನಿಗಳು ತೆಗೆದಿದ್ದನ್ನೇ ಕೂಡಿಸ್ತಿರೋದು. ಎಲ್ವಿಸ್ ಸೈನ್ಯದಲ್ಲಿದ್ದಾಗ ಜರ್ಮನಿಯ ಬಾಡ್ ನೌಹೈಮ್ ಊರಲ್ಲಿ ಬಾಡಿಗೆ ಮನೆ ಮಾಡಿದ್ದ, ಸಂಜೆ ಗೇಟಿಗೆ ಬಂದು ಸಹಿ ಹಾಕಿಕೊಡ್ತಿದ್ದ, ಅಲ್ಲಿ ಅಕ್ಕಪಕ್ಕದ ಹುಡುಗರು ತೆಗೆದ ಕಪ್ಪುಬಿಳುಪು ಪ್ರಿಂಟುಗಳು ಇವತ್ತಿಗೂ ಸಿಗ್ತವೆ. ಚಿಕ್ಕವು, ಅಂಗೈಯಲ್ಲಿ ಮುಚ್ಚಿಕೊಳ್ಳೋ ಅಷ್ಟು, ಅಂಚು ಅಲೆ ಅಲೆಯಾಗಿ ಹರಿದಂಗೆ ಕತ್ತರಿಸಿರ್ತಾರೆ, ಬೆನ್ನಲ್ಲಿ ಅಗ್ಫಾ ಹೆಸರು. ಒಂದು ನನ್ನ ಹತ್ರ ಇದೆ. ಎಲ್ವಿಸ್ ಸಹಿ ಹಾಕ್ತಾ ತಲೆ ಬಗ್ಗಿಸಿದಾನೆ, ಮುಖ ಅರ್ಧ ಕಾಣಲ್ಲ, ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ ಕ್ಯಾಮೆರಾ ಕಡೆ ನೋಡ್ತಾ ಹಲ್ಲು ಕಿಸಿದಿದಾನೆ. ಆ ಹುಡುಗನ ಮುಖಕ್ಕೋಸ್ಕರ ತಗೊಂಡೆ ನಾನು.

ಲಂಡನ್ನಲ್ಲಿ ಸವಿಲ್ ರೋ 3ನೇ ನಂಬರಿನ ಆಪಲ್ ಆಫೀಸು (ಬೀಟಲ್ಸ್ ಅವರದೇ ಕಂಪನಿ), ಅಬೀ ರೋಡ್ ಸ್ಟುಡಿಯೋ, ಇಲ್ಲೆಲ್ಲ ಮಳೆ ಚಳಿ ಅನ್ನದೆ ಕಾಯ್ತಿದ್ದ ಹುಡುಗಿಯರ ಗುಂಪಿತ್ತು, ಆಪಲ್ ಸ್ಕ್ರಫ್ಸ್ ಅಂತ. ಜಾರ್ಜ್ ಹ್ಯಾರಿಸನ್ 1970ರಲ್ಲಿ ಅವರ ಮೇಲೇ ಒಂದು ಹಾಡು ಮಾಡಿದ. ಬೀಟಲ್ಸ್ ಸ್ಟುಡಿಯೋಗೆ ಯಾವ ಕೋಟ್ ಹಾಕ್ಕೊಂಡು ಹೋದ್ರು ಅಂತ ದಿನದ ಲೆಕ್ಕದಲ್ಲಿ ಗೊತ್ತಿದ್ದಿದ್ದು ಈ ಹುಡುಗಿಯರಿಗೆ.

ಎದುರುಗಡೆಯಿಂದ, ಅಂದ್ರೆ ಬೀಟಲ್ಸ್ ಕಡೆಯಿಂದಲೂ ತೆಗೆದಿದಾರೆ. 1964ರ ಫೆಬ್ರವರಿಯಲ್ಲಿ ರಿಂಗೋ ತನ್ನ ಕಾರಿನ ಕಿಟಕಿಯಿಂದ ಪಕ್ಕದ ಕಾರಲ್ಲಿದ್ದ ಐದು ಜನ ಹುಡುಗ ಹುಡುಗಿಯರ ಫೋಟೋ ತೆಗೆದಿದ್ದ. 2013ರಲ್ಲಿ ಅದು ಹೊರಗೆ ಬಂದಾಗ ಅವರ ಗುರುತು ಸಿಕ್ತು, ಶಾಲೆ ತಪ್ಪಿಸಿ ಬೀಟಲ್ಸ್ ನೋಡೋಕೆ ನ್ಯೂಯಾರ್ಕ್ ಏರ್‌ಪೋರ್ಟಿಗೆ ಹೋಗಿದ್ದ ಮಕ್ಕಳು. ಪಾಲ್ ಮೆಕಾರ್ಟ್ನಿ ಅದೇ ದಿನಗಳಲ್ಲಿ ಪೆಂಟ್ಯಾಕ್ಸ್ ಹಿಡಿದು ತೆಗೆದ ಫೋಟೋಗಳು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಗೆ ಬಂದಿದ್ದು 2023ರಲ್ಲಿ. ಅರವತ್ತು ವರ್ಷ ಕತ್ತಲಲ್ಲಿದ್ವು ಯೋಚನೆ ಮಾಡಿ.

ಪ್ರೆಸ್ಸಿನ_ಪ್ರಿಂಟು

ಆ ಹಲ್ಲು ಕಿಸಿದ ಹುಡುಗನ ಫೋಟೋ ನೋಡಬೇಕಲ್ರಿ. ಒಂದೀಟು ಹಾಕ್ರಿ ಇಲ್ಲೆ.

ಸ್ಲೈಡ್_ಡಬ್ಬಿ

ಪ್ರಿಂಟ್ ಮಾತೇ ನಡೀತಿದೆ, ಸ್ಲೈಡ್ (ರಟ್ಟಿನ ಫ್ರೇಮಲ್ಲಿರೋ, ಬೆಳಕು ಹಾಯಿಸಿ ನೋಡೋ ಫಿಲ್ಮ್ ತುಂಡು) ಕಡೆನೂ ಬನ್ನಿ ಯಾರಾದ್ರೂ. ಕೊಡಾಕ್ರೋಮ್ ಸ್ಲೈಡ್ ಕತ್ತಲಲ್ಲಿಟ್ಟಿದ್ರೆ ಅರವತ್ತು ವರ್ಷ ಆದ್ರೂ ಅದರ ಬಣ್ಣ ಇದ್ದಂಗೇ ಇರುತ್ತೆ, ಅದೇ ಕಾಲದ ಕಲರ್ ಪ್ರಿಂಟ್ ಗುಲಾಬಿಗೆ ತಿರುಗಿರುತ್ತೆ. ಫ್ರೇಮಿನ ರಟ್ಟಿನ ಮೇಲೆ ಪ್ರೋಸೆಸ್ ಮಾಡಿದ ತಿಂಗಳು, ರೋಲಲ್ಲಿ ಎಷ್ಟನೇ ಫ್ರೇಮ್ ಅನ್ನೋ ನಂಬರ್ ಅಚ್ಚಾಗಿರುತ್ತೆ, ಅದೂ ಅಂಚಿನ ತಾರೀಖಿನ ಥರಾನೇ, ತೆಗೆದ ದಿನ ಅಲ್ಲ.

ಸ್ಲೈಡಲ್ಲಿ ಒಂದು ತೊಂದರೆ, ಎಡಬಲ ತಿರುಗಿಸಿ ಸ್ಕ್ಯಾನ್ ಮಾಡಿಬಿಡ್ತಾರೆ. ಹಿಂದೊಮ್ಮೆ ಡೇವಿಡ್ ಬೋವಿದು ಒಂದು ತಗೊಂಡೆ, ಏನೋ ಸರಿ ಇಲ್ಲ ಅನ್ನಿಸ್ತಾನೇ ಇತ್ತು. ಬೋವಿಯ ಎಡಗಣ್ಣಿನ ಪಾಪೆ ಯಾವಾಗಲೂ ಅಗಲವಾಗೇ ಇರುತ್ತೆ, ಹುಡುಗನಾಗಿದ್ದಾಗ ಬಿದ್ದ ಪೆಟ್ಟು. ನನ್ನ ಸ್ಕ್ಯಾನಲ್ಲಿ ಅದು ಬಲಗಣ್ಣಾಗಿತ್ತು. ತಿರುಗಿಸಿದೆ, ಮುಖ ತಕ್ಷಣ ಬೋವಿದಾಯ್ತು. ಗಿಟಾರ್ ನುಡಿಸೋ ಜಿಮಿ ಹೆಂಡ್ರಿಕ್ಸ್ ಆದ್ರೆ ಇನ್ನೂ ಕಷ್ಟ. ಎಡಗೈಯವನು, ಬಲಗೈಯವರ ಗಿಟಾರನ್ನ ತಲೆಕೆಳಗು ಮಾಡಿ ನುಡಿಸ್ತಿದ್ದ, ತಿರುವಿ ಹಾಕಿದ ಫೋಟೋ ಎಲ್ಲರಿಗೂ ‘ಸರಿ’ ಅಂತಾನೇ ಕಾಣುತ್ತೆ. ಗಿಟಾರ್ ತಲೆ ಮೇಲಿನ ಅಕ್ಷರ, ಅಂಗಿ ಗುಂಡಿ ಯಾವ ಕಡೆ ಇದೆ ಅನ್ನೋದು, ಇದನ್ನ ನೋಡ್ಬೇಕು.

ಹಳೇ_ನೆಗೆಟಿವ್

ಚೌಕದಫೋಟೋ ಅವರೇ, ಯುವಿ ವಿಚಾರದಲ್ಲಿ ತಪ್ಪು ಹೇಳಿದ್ದಕ್ಕೆ ಕ್ಷಮೆ ಇರಲಿ. ಇನ್ನೊಂದು ಮಾತ್ರ ಅನುಭವಿಸಿ ಹೇಳ್ತಿದೀನಿ, ಕೇಳಿ. ಆ ಪ್ರಿಂಟುಗಳನ್ನ ಎಲ್ಲಿಟ್ಟಿದೀರಿ? ಅಂಟಿನ ಹಾಳೆ ಇರೋ ಆಲ್ಬಮ್ ಇರುತ್ತಲ್ಲ, ಪ್ಲಾಸ್ಟಿಕ್ ಎತ್ತಿ ಫೋಟೋ ಇಟ್ಟು ಮತ್ತೆ ಮುಚ್ಚೋದು, ದಮ್ಮಯ್ಯ ಅದರಲ್ಲಿಡಬೇಡಿ. ನನಗೆ ಒಂದು ಅಂಥ ಆಲ್ಬಮ್ ಸಿಕ್ಕಿತ್ತು, ಹದಿನಾಲ್ಕು ಪ್ರಿಂಟ್, 70ರ ದಶಕದವು, ಒಬ್ಬಳೇ ಅಭಿಮಾನಿ ಒಂದೇ ಬೇಸಿಗೆಯಲ್ಲಿ ತೆಗೆದಿದ್ದು. ಅಂಟು ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿತ್ತು. ಅವಸರಕ್ಕೆ ಬಿದ್ದು ಉಗುರು ಹಾಕಿ ಮೂಲೆ ಎಬ್ಬಿಸಿದೆ, ಚಿತ್ರದ ಪದರ ಹಾಗೇ ಸುಲಿದು ಬಂತು, ಗಾಯಕನ ಬಾಯಿಂದ ಕೆಳಗೆ ಪೂರ್ತಿ ಬಿಳಿ. ಮೂರು ಹಾಳು ಮಾಡಿದ ಮೇಲೆ ನಿಲ್ಲಿಸಿದೆ. ಆಮೇಲೆ ತಿಳಿದವರೊಬ್ಬರು ಹೇಳಿಕೊಟ್ರು: ಮೊದಲು ಅಲ್ಲಿದ್ದಂಗೇ ಪುಟ ಪೂರ್ತಿ ಸ್ಕ್ಯಾನ್ ಮಾಡು, ಆಮೇಲೆ ಹಲ್ಲು ಉಜ್ಜೋ ಮೇಣದ ದಾರಾನ ಹಿಂದಿನಿಂದ ಗರಗಸದ ಥರ ನಿಧಾನಕ್ಕೆ ಆಡಿಸು, ಬರದಿದ್ರೆ ಬಿಟ್ಬಿಡು. ಉಳಿದ ಹನ್ನೊಂದರಲ್ಲಿ ಒಂಬತ್ತು ಬಂತು, ಎರಡು ಅಲ್ಲೇ ಇವೆ.

ಪಿವಿಸಿ ಕವರ್ ಬೇಡ, ಹೊಸ ಪ್ಲಾಸ್ಟಿಕ್ಕಿನ ಘಾಟು ವಾಸನೆ ಬಂದ್ರೆ ಅದೇ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ತಗೊಳ್ಳಿ, ಇಲ್ಲಾ ಆಮ್ಲ ಇಲ್ಲದ ಪೇಪರ್ ಲಕೋಟೆ. ತಂಪು, ಒಣ, ಕತ್ತಲೆ ಜಾಗ. ಲ್ಯಾಮಿನೇಷನ್ ಮಾತೇ ಎತ್ತಬೇಡಿ. ಹಿಂದೆ ಬರೆಯೋದಿದ್ರೆ ಮೆತ್ತನೆ ಪೆನ್ಸಿಲ್, ಅಂಚಿನಲ್ಲಿ, ಒತ್ತದೆ. ಪ್ಲಾಸ್ಟಿಕ್ ಲೇಪನದ ಪೇಪರ್ ಮೇಲೆ ಪೆನ್ಸಿಲ್ ಹಿಡಿಯಲ್ಲ, ಆಗ ಲಕೋಟೆ ಮೇಲೆ ಬರೀರಿ, ಫೋಟೋ ಒಳಗೆ ಹಾಕೋಕೆ ಮುಂಚೆ.

ಹೊಸಬ_ಕಲೆಕ್ಟರ್

ಒಂದು ಪ್ರಶ್ನೆ, ಎಲ್ಲಾ ಓದಿದ ಮೇಲೂ ಉಳಿದಿದ್ದು. ಇಂಥ ಆರು ಇದ್ರೆ ಒಂದೊಂದೇ ಮಾರಿದ್ರೆ ಜಾಸ್ತಿ ಸಿಗುತ್ತಂತಲ್ಲ? ಮತ್ತೆ ನಾನು ಕೊಂಡಿದ್ದನ್ನ ಪೋಸ್ಟರ್ ಮಾಡಿ ಮಾರಬಹುದಾ?

ಗೇಟಿನ_ಹೊರಗೆ

ಎರಡನೇದಕ್ಕೆ ಮೊದಲು ಉತ್ತರ: ಬೇಡ. ನೀವು ಕೊಂಡಿದ್ದು ಆ ಕಾಗದ. ಚಿತ್ರದ ಹಕ್ಕು ಕ್ಯಾಮೆರಾ ಒತ್ತಿದವರದ್ದು, ಅವರ ನಂತರ ಅವರ ವಾರಸುದಾರರದ್ದು, ಸತ್ತು ಎಷ್ಟೋ ದಶಕದವರೆಗೆ. ಹೆಸರು ಗೊತ್ತಿಲ್ಲ ಅಂದ ಮಾತ್ರಕ್ಕೆ ಹಕ್ಕು ಹೋಗಿಲ್ಲ.

ಮೊದಲನೇದಕ್ಕೆ… ಬಿಡಿಬಿಡಿಯಾಗಿ ಮಾರಿದ್ರೆ ಸಿಗಬಹುದು. ಆದ್ರೆ ಈ ಥ್ರೆಡ್ಡನ್ನೇ ನೋಡಿ, ನಾಲ್ಕನೇ ಪ್ರಿಂಟ್ ಬೇರೆಯವರ ಕೈ ಸೇರಿದ್ದಿದ್ರೆ ಉಳಿದ ಐದು ಇವತ್ತಿಗೂ ‘ಮಾಂಟೆರೆ 1967’ ಆಗೇ ಇರ್ತಿದ್ವು, ಆ ಸುಳ್ಳು ಮುಂದೆ ಮುಂದೆ ಕೈ ಬದಲಾಗ್ತಾ ಹೋಗ್ತಿತ್ತು. ಗಾಡಿ ಒಂದರಲ್ಲಿ, ಮಣಿಕಟ್ಟು ಇನ್ನೊಂದರಲ್ಲಿ. ರೋಲ್ ಒಡೆದವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ, ಸತ್ತವರ ಮನೆ ಡಬ್ಬಿ ತಂದು ಚೆನ್ನಾಗಿರೋ ಎರಡು ಇಟ್ಕೊಂಡು ಖಾಲಿ ರಸ್ತೆ, ಬೇಲಿ, ಬೆನ್ನು ಕಾಣೋ ಫ್ರೇಮ್ ಎಲ್ಲಾ ಬಿಸಾಕಿರ್ತಾರೆ. ಆ ಖಾಲಿ ರಸ್ತೆಯ ಬೋರ್ಡಲ್ಲೇ ಊರಿನ ಹೆಸರಿರುತ್ತೆ.

ಇನ್ನೊಂದು. ಆ ಕಾಲದಲ್ಲೇ ಅಭಿಮಾನಿಗಳು ತಮ್ಮ ತಮ್ಮಲ್ಲೇ ಪ್ರಿಂಟ್ ಬದಲಾಯಿಸ್ಕೊಳ್ತಿದ್ರು, ಅಂಚೆಯಲ್ಲಿ. ಪ್ರಿಂಟನ್ನೇ ಮತ್ತೆ ಫೋಟೋ ತೆಗೆದು ಕಾಪಿ ಮಾಡಿ ಕಳಿಸೋರು. ಹಾಗಾಗಿ ಪೇಪರ್ ಹಳೇದು ಅನ್ನೋದೂ ಪೂರ್ತಿ ಸಾಕ್ಷಿ ಅಲ್ಲ. ಕಾಪಿ ಆದ್ರೆ ನೆರಳೊಳಗಿನ ವಿವರ ಸತ್ತುಹೋಗಿರುತ್ತೆ, ಕಪ್ಪು ಬರೀ ಕಪ್ಪು. ಮೊದಲ ಪ್ರಿಂಟಿನ ಗೀರು ಚಿತ್ರದ ಒಳಗೇ ಅಚ್ಚಾಗಿರುತ್ತೆ, ಬೆರಳಾಡಿಸಿದ್ರೆ ಮೇಲ್ಮೈ ನುಣುಪು.

ಆಸ್ಪತ್ರೆ ಕಿಟಕಿ, ಮಲಗೋ ಕೋಣೆ, ಸಾವಿನ ಮನೆ, ಇಂಥವು ಬಂದ್ರೆ ನಾನು ಮುಟ್ಟಲ್ಲ. ಕ್ಯಾಂಡಿಡ್ ಅಂದ್ರೆ ಕದ್ದು ನೋಡೋದಲ್ಲ.

ಚೌಕದಫೋಟೋ

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಆರನ್ನೂ ಒಂದೇ ಪಾಲಿಯೆಸ್ಟರ್ ಹಾಳೆಗೆ ಹಾಕಿದೀನಿ, ಬಿಡಿಸಲ್ಲ. ಲಕೋಟೆ ಮೇಲೆ ಬರೆದಿದ್ದು: “ಜಾನಿಸ್ ಜಾಪ್ಲಿನ್, 1968 ಕೊನೆ – 1969 ಮೇ ಒಳಗೆ. ಆಧಾರ: ನಾಲ್ಕನೇದರಲ್ಲಿ ಪೋರ್ಷೆ, ಅಂಚಿನ ಮುದ್ರೆ. ಎರಡನೇದರಲ್ಲಿ ಮಣಿಕಟ್ಟು ಖಾಲಿ. ಸ್ಥಳ ಗೊತ್ತಿಲ್ಲ. ತೆಗೆದವರು ಗೊತ್ತಿಲ್ಲ.” ಮಾರಿದವರು ಹೇಳಿದ್ದನ್ನೂ ಕೆಳಗೆ ಬರೆದಿದೀನಿ, ತಪ್ಪು ಅಂತ ಸೇರಿಸಿ.

ನಿನ್ನೆ ರಾತ್ರಿ ನೆರಳಿನ ಉದ್ದ ನೋಡಿ ಆರನ್ನ ಸಾಲಾಗಿ ಜೋಡಿಸ್ತಾ ಕೂತಿದ್ದೆ. ಬೆನ್ನು ಕಾಣೋದು ಕೊನೇದು ಅನ್ಸುತ್ತೆ, ಅದರಲ್ಲಿ ನೆರಳು ಎಲ್ಲಕ್ಕಿಂತ ಉದ್ದ. ಅದರ ಕೆಳಗಡೆ ಅಂಚಿಗೆ ತಾಗಿ ಇನ್ನೊಂದು ನೆರಳಿದೆ ಮೇಡಂ, ಇಷ್ಟು ದಿನ ನೋಡಿರ್ಲಿಲ್ಲ. ಎರಡೂ ಮೊಣಕೈ ಮೇಲಕ್ಕೆ, ಮುಖದ ಹತ್ರ ಕ್ಯಾಮೆರಾ, ತಲೆಗೆ ಸ್ಕಾರ್ಫ್ ಕಟ್ಟಿರೋ ಥರ ಒಂದು ಗಂಟು.

ಲೂಪ್_ಹಿಡಿದವಳು

ಆ ಮೂಲೇನ 1200ರಲ್ಲಿ ಮತ್ತೆ ಸ್ಕ್ಯಾನ್ ಮಾಡಿ ಹಾಕಿ. ‘ತೆಗೆದವರು ಗೊತ್ತಿಲ್ಲ’ ಅನ್ನೋದರ ಮುಂದೆ ಸ್ಕಾರ್ಫಿನ ಗಂಟನ್ನೂ ಬರೀರಿ.